‘ಪಾರ್ಟಿ ಚಲೋ ಅದಾನ್ರೀ’ ಅನ್ನೋ ಮುಂಚೆ ಖಾತೆ ತಿರುವಿ ನೋಡಿ

ದಾವಣಗೆರೆ ಮಂಡಿಪೇಟೆಯಲ್ಲಿ ಬೆಳಗಿನ ಹನ್ನೊಂದರ ಹೊತ್ತಿಗೆ ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಹತ್ತಿರ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

“ಏನ್ರೀ ಶೆಟ್ರೇ, ಹರಿಹರದ ಕಡೆಯಿಂದ ಒಬ್ಬ ಹೊಸ ಪಾರ್ಟಿ ಬಂದಾನ್ರೀ. ಉದ್ರಿ ಕೇಳ್ತಾನೆ. ನಿಮ್ಮ ಹೆಸರು ಹೇಳಿದ. ಹೆಂಗದಾನ್ರೀ?”

“ಚಲೋ ಅದಾನ್ರೀ. ಕೊಡ್ರಿ, ಏನೂ ಅಂಜಬ್ಯಾಡ್ರಿ.”

ಮುಗೀತು. ಐದೇ ಐದು ಪದ. ಈ ಐದು ಪದದ ಮೇಲೆ ಎರಡು ಲಕ್ಷದ ಅಕ್ಕಿ, ಬೇಳೆ, ಎಣ್ಣೆ ಡಬ್ಬ ಲಾರಿ ಹತ್ತುತ್ತದೆ. ಹೇಳಿದ ಶೆಟ್ಟರಿಗೆ ಅದರಲ್ಲಿ ಒಂದು ಕಪ್ ಚಹಾದ ಲಾಭವೂ ಇಲ್ಲ. ಪಾರ್ಟಿ ದುಡ್ಡು ಕಟ್ಟಿದರೆ ಯಾರೂ ಶೆಟ್ಟರನ್ನು ನೆನೆಯುವುದಿಲ್ಲ. ಪಾರ್ಟಿ ಷಟರ್ ಎಳೆದು ರಾತ್ರಿ ಬಸ್ಸು ಹತ್ತಿದ ಎಂದರೆ ಮಾತ್ರ ಎಲ್ಲರಿಗೂ ಶೆಟ್ಟರೇ ನೆನಪು.

“ನಾನೇನು ಬರೆದುಕೊಟ್ಟಿದ್ನೇನ್ರೀ? ಬಾಯಿಮಾತಿಗೆ ಹೇಳಿದೆ ಅಷ್ಟೇ” ಎಂದು ಶೆಟ್ಟರು ಜಾರಿಕೊಳ್ಳಬಹುದೆ? ಪೇಟೆಯಲ್ಲಿ ಬಹಳ ಜನ ಹಾಗೇ ತಿಳಿದಿದ್ದಾರೆ. ಕಾನೂನು ಹಾಗೆ ತಿಳಿದಿಲ್ಲ.

ಇನ್ನೂರು ವರ್ಷದ ಹಿಂದೆಯೇ ಕೋರ್ಟು ಹತ್ತಿದ ಮಾತು

ಈ ತಕರಾರು ಹೊಸದಲ್ಲ. ಇಂಗ್ಲೆಂಡಿನಲ್ಲಿ 1789ರಲ್ಲಿಯೇ ಇದರ ತೀರ್ಪಾಗಿದೆ. ಪಾಸ್ಲೆ ಎಂಬ ವ್ಯಾಪಾರಿ ಮತ್ತು ಅವನ ಜೊತೆಗಾರನ ಬಳಿ 16 ಚೀಲ ಕಾಚಿನೀಲ್ ಇತ್ತು. ಕಾಚಿನೀಲ್ ಅಂದರೆ ಒಂದು ಜಾತಿಯ ಹುಳ ಒಣಗಿಸಿ ತೆಗೆಯುವ ಕೆಂಪು ಬಣ್ಣ, ಬಟ್ಟೆಗೆ ಹಾಕುವಂಥದ್ದು. ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ನಮ್ಮೂರಿನವರಿಗೆ ಬಣ್ಣದ ಬೆಲೆ ಹೇಳಿಕೊಡಬೇಕಿಲ್ಲ. ಫಾಲ್ಚ್ ಎಂಬುವನು ಈ ಮಾಲನ್ನು ಉದ್ರಿ ಕೇಳಿದ. ಫ್ರೀಮನ್ ಎಂಬ ಮೂರನೆಯವನು, “ಫಾಲ್ಚನನ್ನು ನಂಬಬಹುದು, ಸಾಲ ಕೊಡಬಹುದು” ಎಂದ. ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು ಎಂಬುದು ಆರೋಪ. ಮಾಲು ಹೋಯಿತು, 2,600 ಪೌಂಡಿಗೂ ಮೀರಿದ ದುಡ್ಡು ಬರಲಿಲ್ಲ.

ಫ್ರೀಮನ್ನನ ವಕೀಲರ ವಾದ ಇವತ್ತಿನ ಮಂಡಿಪೇಟೆಯ ವಾದವೇ: ಇವನು ಕರಾರಿನಲ್ಲಿ ಇಲ್ಲ, ಇವನಿಗೆ ಒಂದು ಕಾಸೂ ಸಿಕ್ಕಿಲ್ಲ, ಫಾಲ್ಚನ ಜೊತೆ ಸೇರಿ ಸಂಚು ಮಾಡಿದ ಎಂದೂ ಇಲ್ಲ, ಮತ್ತೆ ದಾವೆ ಯಾತಕ್ಕೆ? ನಾಲ್ಕು ನ್ಯಾಯಮೂರ್ತಿಗಳಲ್ಲಿ ಒಬ್ಬರು ಈ ವಾದ ಒಪ್ಪಿದರು. ಮೂವರು ಒಪ್ಪಲಿಲ್ಲ. ತಿಳಿದೂ ತಿಳಿದೂ ಸುಳ್ಳು ಹೇಳಿದ್ದೀಯ, ಆ ಸುಳ್ಳನ್ನು ನಂಬಿ ಒಬ್ಬ ನಷ್ಟಪಟ್ಟಿದ್ದಾನೆ. ನಿನಗೆ ಲಾಭ ಬಂತೋ ಬಿಡ್ತೋ ಅದು ಬೇರೆ ಮಾತು, ನಷ್ಟ ತುಂಬಿಕೊಡು ಅಂದರು. ವಂಚನೆ ಒಂದೇ ಇದ್ದು ನಷ್ಟವಿಲ್ಲದಿದ್ದರೆ ದಾವೆಯಿಲ್ಲ, ನಷ್ಟ ಒಂದೇ ಇದ್ದು ವಂಚನೆಯಿಲ್ಲದಿದ್ದರೂ ಇಲ್ಲ. ಎರಡೂ ಕೂಡಿದರೆ ಉಂಟು.

ಅದಾಗಿ ಹನ್ನೆರಡು ವರ್ಷಕ್ಕೆ, 1801ರಲ್ಲಿ ಇನ್ನೊಂದು ಬಂತು. ಅಲ್ಲಿ ಸಾಲ ಕೇಳಿದ್ದು ದೊಡ್ಡ ಆಸ್ತಿಯ ಒಡತಿ ಎಂದು ಊರನ್ನೇ ನಂಬಿಸಿದ್ದ ಒಬ್ಬಾಕೆ. ಅವಳ ಪರವಾಗಿ, “ನನಗೆ ಖುದ್ದು ಗೊತ್ತು, ಎಷ್ಟು ಬೇಕಾದರೂ ಕೊಡಿ” ಎಂದಿದ್ದವನು ತಾನೂ ಅವಳಿಂದ ಮೋಸ ಹೋಗಿದ್ದವನೇ. ಕೋರ್ಟು ಅವನನ್ನು ಬಿಟ್ಟಿತು. ಪ್ರಾಮಾಣಿಕವಾಗಿ ನಂಬಿ ಹೇಳಿದ ಹುಂಬತನಕ್ಕೆ ವಂಚನೆಯ ದಾವೆ ನಡೆಯುವುದಿಲ್ಲ. ಅಲ್ಲೂ ಒಬ್ಬ ನ್ಯಾಯಮೂರ್ತಿ ಭಿನ್ನ ತೀರ್ಪು ಬರೆದರು ಅನ್ನಿ.

ಆಮೇಲೆ ಅಲ್ಲಿ ಇಂಥ ದಾವೆಗಳು ಎಷ್ಟು ಬಂದವೆಂದರೆ, ಪರರ ಪತ್ತಿನ ಬಗ್ಗೆ ಹೇಳಿದ ಮಾತು ಬರವಣಿಗೆಯಲ್ಲಿದ್ದು ಸಹಿ ಇದ್ದರೆ ಮಾತ್ರ ದಾವೆ ಎಂದು 1828ರಲ್ಲಿ ಕಾಯ್ದೆಯನ್ನೇ ಮಾಡಿದರು. ಇಂಗ್ಲೆಂಡಿನಲ್ಲಿ ಜಾಮೀನು ಕರಾರಿಗೂ ಬರವಣಿಗೆ ಬೇಕು. ಅದನ್ನು ಕೇಳಿಕೊಂಡು ಬಂದು ಇಲ್ಲಿ “ಬಾಯಿಮಾತಿಗೆ ಏನೂ ಆಗಲ್ಲ” ಅನ್ನುವವರಿದ್ದಾರೆ. ಇಲ್ಲೇ ಎಡವುವುದು.

‘ನಾನಿದ್ದೀನಿ ಕೊಡ್ರಿ’

ನಮ್ಮ ದೇಶದ ಕರಾರು ಕಾಯ್ದೆ 1872ರದ್ದು. ಅದರ 126ನೇ ಕಲಂ ಸ್ಪಷ್ಟವಾಗಿದೆ: ಜಾಮೀನು ಬಾಯಿಮಾತಿನದೂ ಆಗಬಹುದು, ಬರಹದ್ದೂ ಆಗಬಹುದು. ಸ್ಟಾಂಪ್ ಕಾಗದವಿಲ್ಲ, ಸಹಿಯಿಲ್ಲ ಅಂದಮಾತ್ರಕ್ಕೆ ಜಾಮೀನಿಲ್ಲ ಎನ್ನಲಾಗದು. ಸಾಕ್ಷಿಯಿಂದ ರುಜುವಾತು ಮಾಡುವುದು ಕಷ್ಟ, ನಿಜ. ಆದರೆ ಅಸಾಧ್ಯವಲ್ಲ.

ಆದ್ದರಿಂದ ಎರಡು ಮಾತಿನ ವ್ಯತ್ಯಾಸ ತಿಳಿದಿರಬೇಕು. “ಅವನು ಚಲೋ ಮನುಷ್ಯ” ಎಂಬುದು ಅಭಿಪ್ರಾಯ, ಶಿಫಾರಸು. “ಅವನು ಕೊಡದಿದ್ರೆ ನಾನು ಕೊಡ್ತೀನಿ” ಎಂಬುದು ಜಾಮೀನು. ಇವೆರಡರ ನಡುವೆ ನಮ್ಮ ಕಡೆ ಒಂದು ಮೂರನೆಯ ಮಾತಿದೆ ನೋಡಿ: “ನಾನಿದ್ದೀನಿ, ಕೊಡ್ರಿ.” ಇದು ಯಾವ ಕಡೆಗೆ? ಹೇಳಿದವನು ‘ಸುಮ್ಮನೆ ಧೈರ್ಯ ಹೇಳಿದೆ’ ಅನ್ನುತ್ತಾನೆ. ಕೇಳಿದವನು ‘ಜಾಮೀನು ನಿಂತ’ ಅನ್ನುತ್ತಾನೆ. ಮುನ್ಸೀಫರ ಮುಂದೆ ನಿಂತಾಗ ಆ ದಿನ ಅಲ್ಲಿದ್ದ ಗುಮಾಸ್ತ, ಹಮಾಲ, ಚಹಾದ ಹುಡುಗ ಏನು ಕೇಳಿಸಿಕೊಂಡರು ಎಂಬುದರ ಮೇಲೆ ನಿಮ್ಮ ಮನೆಯ ಭವಿಷ್ಯ. ಪೇಟೆಯ ಭಾಷೆಯಲ್ಲಿ ಇದಕ್ಕಿಂತ ದುಬಾರಿ ಮಾತು ಬೇರೊಂದಿಲ್ಲ ಎಂಬುದು ಈ ಅಂಕಣದ ಅಭಿಪ್ರಾಯ.

ಜಾಮೀನು ಎಂದು ತೀರ್ಮಾನವಾದರೆ ಆಮೇಲೆ ದಯೆ ದಾಕ್ಷಿಣ್ಯವಿಲ್ಲ. 128ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. “ಮೊದಲು ಅವನ ಮೇಲೆ ದಾವೆ ಹಾಕ್ರಿ, ಅವನ ಆಸ್ತಿ ಹರಾಜು ಹಾಕ್ರಿ, ಆಮೇಲೆ ನನ್ನ ಹತ್ರ ಬರ್ರಿ” ಅನ್ನುವಂತಿಲ್ಲ. ಸುಪ್ರೀಂ ಕೋರ್ಟು 1968ರಲ್ಲೇ ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಇದನ್ನು ಖಡಾಖಂಡಿತ ಹೇಳಿದೆ. ಸಾಲ ಕೊಟ್ಟವನು ನೇರ ಜಾಮೀನುದಾರನ ಬಾಗಿಲಿಗೇ ಬರಬಹುದು. ಕಟ್ಟಿದ ಮೇಲೆ ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಿಮಗುಂಟು. ಸಿಕ್ಕರೆ ತಾನೆ!

ಅದೇ ಕಾಯ್ದೆಯಲ್ಲಿ ವ್ಯಾಪಾರಿಗಳಿಗೆಂದೇ ಹೇಳಿ ಬರೆಸಿದಂತಿರುವ ಎರಡು ಉದಾಹರಣೆಗಳಿವೆ. ಒಂದು ಚಹಾ ವ್ಯಾಪಾರಿಯದು. ಆಗಾಗ ಸರಬರಾಜಾಗುವ ಚಹಾಪುಡಿಗೆ 100 ಪೌಂಡಿನವರೆಗೆ ಒಬ್ಬ ಜಾಮೀನು ನಿಂತ. ಮೊದಲ ಮಾಲಿನ ಹಣ ಬಂತು. ಆಮೇಲೆ 200 ಪೌಂಡಿನ ಮಾಲು ಹೋಯಿತು, ಹಣ ಬರಲಿಲ್ಲ. ಜಾಮೀನುದಾರ 100 ಕಟ್ಟಬೇಕು, ಯಾಕೆಂದರೆ ಅದು ಮುಂದುವರಿಯುವ ಜಾಮೀನು. ಇನ್ನೊಂದು ಹಿಟ್ಟಿನದು. ಐದು ಚೀಲ ಹಿಟ್ಟಿಗೆ ಜಾಮೀನು, ಅದರ ಹಣ ಸಂದಾಯವಾಯಿತು. ಆಮೇಲೆ ನಾಲ್ಕು ಚೀಲ ಹೋಯಿತು, ಹಣ ಇಲ್ಲ. ಈ ನಾಲ್ಕಕ್ಕೆ ಜಾಮೀನುದಾರ ಬಾಧ್ಯನಲ್ಲ. ಚೀಲದ ಲೆಕ್ಕ ಹೇಳಿ ನಿಂತವನು ಬಚಾವಾದ, ‘ಆಗಾಗ’ ಎಂದವನು ಸಿಕ್ಕಿಕೊಂಡ.

ತನ್ನ ಬಾಕಿಗೆ ಇನ್ನೊಬ್ಬನ ತಲೆ

ಈಗ ನಿಜವಾದ ಹುಣ್ಣಿನ ಮೇಲೆ ಬೆರಳಿಡೋಣ. ಪೇಟೆಯಲ್ಲಿ ಸುಳ್ಳು ಶಿಫಾರಸು ಬರುವುದು ಹೆಚ್ಚಾಗಿ ದುಷ್ಟತನದಿಂದಲ್ಲ, ಸ್ವಂತ ಬಾಕಿಯಿಂದ. ಒಂದು ಉದಾಹರಣೆ ಕಟ್ಟಿಕೊಳ್ಳಿ, ಯಾರನ್ನೂ ಉದ್ದೇಶಿಸಿದ್ದಲ್ಲ.

ಶೆಟ್ಟರ ಖಾತೆಯಲ್ಲಿ ಆ ಪಾರ್ಟಿಯ ಹೆಸರಿನಲ್ಲಿ 1,80,000 ರೂಪಾಯಿ ಎಂಟು ತಿಂಗಳಿಂದ ನಿಂತಿದೆ. ಶೆಟ್ಟರೇ ಉದ್ರಿ ನಿಲ್ಲಿಸಿದ್ದಾರೆ. ಅಷ್ಟರಲ್ಲಿ ರಾಣೆಬೆನ್ನೂರಿನ ಸಗಟು ವ್ಯಾಪಾರಿ ಫೋನು ಮಾಡಿ ವಿಚಾರಿಸುತ್ತಾನೆ. ಶೆಟ್ಟರ ತಲೆಯಲ್ಲಿ ಲೆಕ್ಕ ಓಡುತ್ತದೆ: ಇವನು ಮಾಲು ಕೊಟ್ಟರೆ ಅವನು ಮಾರುತ್ತಾನೆ, ಮಾರಿದ ದುಡ್ಡಿನಲ್ಲಿ ನನ್ನದು ಬರುತ್ತದೆ. ಬಾಯಿಂದ ಏನು ಬರುತ್ತದೆ? “ಹತ್ತು ವರ್ಷದಿಂದ ನನ್ನ ಹತ್ರ ವ್ಯವಹಾರ ಐತ್ರೀ.”

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹತ್ತು ವರ್ಷದ ವ್ಯವಹಾರ ನಿಜ. ಆದರೆ ಎಂಟು ತಿಂಗಳ ವಿಷಯ ನುಂಗಿದ್ದಾರೆ. ಬಾಯಿಯನ್ನೇ ತೆರೆಯದೆ ಸುಮ್ಮನಿದ್ದವನ ಮೇಲೆ ಸಾಮಾನ್ಯವಾಗಿ ತಪ್ಪಿಲ್ಲ. ಪರರ ಪತ್ತು ಹೇಳಲೇಬೇಕೆಂದು ಯಾವ ಕಾನೂನೂ ವ್ಯಾಪಾರಿಗೆ ಹೇಳಿಲ್ಲ. ಆದರೆ ಬಾಯಿ ತೆರೆದ ಮೇಲೆ, ಉಳಿದದ್ದನ್ನು ಮುಚ್ಚಿದ್ದರಿಂದ ಹೇಳಿದ್ದೇ ಸುಳ್ಳಾಗುವಂತಿದ್ದರೆ, ಆ ಅರ್ಧ ಸತ್ಯವನ್ನು ಕೋರ್ಟು ಪೂರ್ತಿ ಸುಳ್ಳೆಂದೇ ತೂಗುತ್ತದೆ. ಅದರ ಮೇಲೆ ಹೊಸ ಮಾಲು ಮಾರಿದ ದುಡ್ಡಿನಲ್ಲಿ ಶೆಟ್ಟರ ಬಾಕಿ ಜಮಾ ಆಗಿದ್ದರಂತೂ ಕೇಳುವುದೇ ಬೇಡ. ಶೆಟ್ಟರ ಕೀರ್ದಿ ಪುಸ್ತಕವೇ ಶೆಟ್ಟರ ವಿರುದ್ಧ ಸಾಕ್ಷಿ ಹೇಳುತ್ತದೆ. ದಿನಾಂಕ ಸಮೇತ.

ಇಲ್ಲಿ ವಕೀಲರು ಒಂದು ಸೂಕ್ಷ್ಮ ಹೇಳುತ್ತಾರೆ. ಕರಾರು ಕಾಯ್ದೆಯ 17ನೇ ಕಲಮಿನ ‘ವಂಚನೆ’ ಎಂಬುದು ಕರಾರಿನ ಪಕ್ಷಗಾರರಿಗೆ, ಅವರ ಏಜೆಂಟರಿಗೆ ಸಂಬಂಧಿಸಿದ್ದು. ಶೆಟ್ಟರು ಕರಾರಿನಲ್ಲಿ ಇಲ್ಲವಲ್ಲ? ಸರಿ, ಇಲ್ಲ. ಅವರ ಮೇಲೆ ಬರುವುದು ಬೇರೆ ದಾವೆ: ಮೋಸದ ಮಾತಿನಿಂದಾದ ನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆ, ಆ 1789ರ ಜಾಡಿನದು. ಮೂರು ವರ್ಷ ಕಳೆದರೆ ಪಾರಾದೆ ಎಂದು ದಿನ ಎಣಿಸುವಂತೆಯೂ ಇಲ್ಲ. 1963ರ ಕಾಲಮಿತಿ ಕಾಯ್ದೆಯ 17ನೇ ಕಲಮಿನ ಪ್ರಕಾರ, ವಂಚನೆಯ ವಿಷಯದಲ್ಲಿ ಗಡುವು ಶುರುವಾಗುವುದು ಮೋಸ ಗೊತ್ತಾದ ದಿನದಿಂದ ಅಥವಾ ಸ್ವಲ್ಪ ಎಚ್ಚರವಿದ್ದರೆ ಗೊತ್ತಾಗಬಹುದಿದ್ದ ದಿನದಿಂದ.

ಕ್ರಿಮಿನಲ್ ಬಾಗಿಲೂ ಇದೆ. ಹಳೆಯ ಕಾಲದ ‘ನಾನೂರ ಇಪ್ಪತ್ತು’ ಈಗ ಹೆಸರಿಗಷ್ಟೇ ಉಳಿದಿದೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅಲ್ಲಿ ಅದು 318ನೇ ಕಲಮಿನ 4ನೇ ಉಪಕಲಂ. ಶಿಕ್ಷೆ ಮಾತ್ರ ಅದೇ: ಏಳು ವರ್ಷದವರೆಗೆ ಸೆರೆ, ಮೇಲೆ ದಂಡ. ಪಾರ್ಟಿಯ ಜೊತೆ ಮಾತಾಡಿಕೊಂಡು, ಕಮಿಷನ್ ತಿಂದು ಹೇಳಿದ್ದರೆ ಸಂಚು, ಕುಮ್ಮಕ್ಕು ಎಲ್ಲ ಸೇರಿಕೊಳ್ಳುತ್ತದೆ. ಹಾಗಂತ ದುಡ್ಡು ಬರಲಿಲ್ಲ ಎಂದ ತಕ್ಷಣ ಠಾಣೆಗೆ ಓಡುವುದೂ ಸರಿಯಲ್ಲ. ಮೋಸ ಮಾಡುವ ಉದ್ದೇಶ ಮೊದಲ ದಿನವೇ ಇತ್ತೆಂದು ತೋರಿಸಬೇಕು. ಬರೀ ಸಾಲ ತೀರಿಸದ್ದು ವಂಚನೆಯ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳುತ್ತಲೇ ಬಂದಿದೆ.

ಗುಮಾಸ್ತನ ಬಾಯಿ, ಮಾಲೀಕನ ಜೇಬು

ಇನ್ನೊಂದು ಮರೆಯಬಾರದ್ದು. ಮಾಲೀಕರು ಊಟಕ್ಕೆ ಹೋಗಿದ್ದಾರೆ, ಅಂಗಡಿಯ ಫೋನು ಗುಮಾಸ್ತನ ಕೈಯಲ್ಲಿ. ಅವನು ದೊಡ್ಡಸ್ತಿಕೆಗೆ “ಗಟ್ಟಿ ಕುಳ ಕಣ್ರೀ, ಕಣ್ಣು ಮುಚ್ಚಿ ಕೊಡ್ರಿ” ಎಂದುಬಿಟ್ಟ. ಕೆಲಸದ ಮಧ್ಯೆ, ಅಂಗಡಿಯ ವ್ಯವಹಾರದ ಭಾಗವಾಗಿ ಆಡಿದ ಮಾತಾದರೆ ಅದರ ಭಾರ ಮಾಲೀಕನ ಹೆಗಲಿಗೂ ಬರಬಹುದು. ಪಾಲುದಾರಿಕೆಯಲ್ಲೂ ಹಾಗೇ: ಒಬ್ಬ ಪಾಲುದಾರ ವ್ಯವಹಾರದ ನಡುವೆ ಮಾಡಿದ ತಪ್ಪಿಗೆ 1932ರ ಪಾಲುದಾರಿಕೆ ಕಾಯ್ದೆ ಇಡೀ ಫರ್ಮನ್ನೇ ಹೊಣೆ ಮಾಡುತ್ತದೆ. ಲೆಟರ್‌ಹೆಡ್ಡಿನ ಮೇಲೆ ಸೀಲು ಒತ್ತಿ “ಇವರು ನಂಬಿಕಸ್ಥರು” ಎಂದು ಬರೆದುಕೊಡುವ ದಾನಶೂರರು ತಮ್ಮ ಪಾಲುದಾರರನ್ನು ಒಂದು ಮಾತು ಕೇಳಿದರೆ ಒಳ್ಳೆಯದು.

ಮೋಸವಿಲ್ಲ, ಬರೀ ಅಜಾಗರೂಕತೆ ಆದರೆ? ಇದಕ್ಕೂ ಹೆಸರಾದ ಮೊಕದ್ದಮೆ ಇಂಗ್ಲೆಂಡಿನದೇ. ಹೆಡ್ಲೆ ಬೈರ್ನ್ ಎಂಬ ಜಾಹೀರಾತು ಕಂಪನಿ ತನ್ನ ಗಿರಾಕಿ ಈಸಿಪವರ್ ಎಂಬ ಕಂಪನಿಯ ಬಗ್ಗೆ ತನ್ನ ಬ್ಯಾಂಕಿನ ಮೂಲಕ ವಿಚಾರಿಸಿತು. ಈಸಿಪವರಿನ ಬ್ಯಾಂಕಾದ ಹೆಲ್ಲರ್, ಮಾಮೂಲಿ ವ್ಯವಹಾರಕ್ಕೆ ತೊಂದರೆಯಿಲ್ಲ ಎಂಬರ್ಥದ ಉತ್ತರ ಕೊಟ್ಟಿತು. ಈಸಿಪವರ್ ಮುಳುಗಿತು, ಜಾಹೀರಾತಿನವರಿಗೆ 17,000 ಪೌಂಡ್ ಲುಕ್ಸಾನು. 1963ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ತನ್ನ ಮಾತನ್ನು ನಂಬಿ ಇನ್ನೊಬ್ಬ ಹೆಜ್ಜೆಯಿಡುತ್ತಾನೆ ಎಂದು ತಿಳಿದು ಉತ್ತರ ಕೊಡುವವನಿಗೆ ಎಚ್ಚರಿಕೆಯಿಂದ ಹೇಳುವ ಹೊಣೆ ಇರಬಹುದು, ಕರಾರು ಇಲ್ಲದಿದ್ದರೂ ಸರಿ. ಆದರೆ ಆ ಬ್ಯಾಂಕು ಬಚಾವಾಯಿತು. ಯಾಕೆ? ಪತ್ರದಲ್ಲೇ ‘ನಮ್ಮ ಜವಾಬ್ದಾರಿ ಇಲ್ಲ’ ಎಂದು ಬರೆದಿತ್ತು. ಒಂದು ಸಾಲು, 17,000 ಪೌಂಡ್! ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟಿಗೆ ಕಟ್ಟಪ್ಪಣೆಯಲ್ಲ, ಆದರೂ ಇಂಥ ವಿಷಯದಲ್ಲಿ ದಾರಿದೀಪವಾಗಿ ಅವನ್ನು ನೋಡುವುದುಂಟು. ಇನ್ನೊಂದು ಎಚ್ಚರ: ಆ ಸಾಲು ಅಜಾಗರೂಕತೆಗೆ ಛತ್ರಿ, ತಿಳಿದು ಹೇಳಿದ ಸುಳ್ಳಿಗಲ್ಲ.

2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಬಂದದ್ದು ಇನ್ನೂ ವಿಚಿತ್ರ. ಲಂಡನ್ನಿನ ಪ್ಲೇಬಾಯ್ ಕ್ಲಬ್ಬಿನ ಜೂಜಿನ ಮನೆಯಲ್ಲಿ ಒಬ್ಬ ಗಿರಾಕಿ ಉದ್ರಿ ಕೇಳಿದ. ಕ್ಲಬ್ಬು ತನ್ನ ಹೆಸರು ಹೊರಬೀಳದಿರಲೆಂದು ಇನ್ನೊಂದು ಕಂಪನಿಯ ಮೂಲಕ ಇಟಲಿಯ ಬ್ಯಾಂಕೊಂದಕ್ಕೆ ಬರೆಸಿತು. ವಾರಕ್ಕೆ 16 ಲಕ್ಷ ಪೌಂಡಿನವರೆಗೆ ನಂಬಬಹುದು ಎಂದು ಉತ್ತರ ಬಂತು. ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಉತ್ತರ ಬರೆದಾಗ ಅವನ ಖಾತೆಯೇ ಅಲ್ಲಿ ಇರಲಿಲ್ಲ. ಆದರೂ ಕ್ಲಬ್ಬು ಸೋತಿತು. ಬ್ಯಾಂಕು ಉತ್ತರ ಕೊಟ್ಟದ್ದು ಕೇಳಿದ ಕಂಪನಿಗೆ, ಹಿಂದೆ ಅಡಗಿ ನಿಂತವರಿಗಲ್ಲ ಎಂದಿತು ಕೋರ್ಟು. ಆದ್ದರಿಂದ ಉದ್ರಿ ಕೊಡುವವರೇ, ವಿಚಾರಿಸುವಾಗ ನಿಮ್ಮ ಹೆಸರು, ಎಷ್ಟು ಮಾಲಿಗೆ, ಎಷ್ಟು ದಿನದ ವಾಯಿದೆಗೆ ಎಂದು ಬಿಡಿಸಿ ಹೇಳಿಯೇ ಕೇಳಿ. ‘ನಮ್ಮ ಪರಿಚಯದವರೊಬ್ಬರು ಕೇಳ್ತಿದ್ರು’ ಎಂದು ಸುತ್ತು ಬಳಸಿದರೆ ನಾಳೆ ಯಾರೂ ನಿಮಗೆ ಉತ್ತರ ಹೇಳಬೇಕಿಲ್ಲ.

ಬಸ್ಸಿನಲ್ಲಿ ಮುಳುಗುವ ಅಂಗಡಿಗಳು

ಇಷ್ಟು ಓದಿ, “ಒಳ್ಳೇದು ಹೇಳಿದ್ರೆ ತಾನೆ ತೊಂದರೆ? ಕೆಟ್ಟದ್ದೇ ಹೇಳ್ತೀನಿ ಬಿಡ್ರಿ” ಎನ್ನುವ ಜಾಣರೂ ಇದ್ದಾರೆ. ಹರಿಹರ–ದಾವಣಗೆರೆ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಗೊತ್ತು, ಅರ್ಧ ಗಂಟೆಯ ಪ್ರಯಾಣದಲ್ಲಿ ಎಷ್ಟು ಅಂಗಡಿಗಳು ದಿವಾಳಿಯೆದ್ದು ಹೋಗುತ್ತವೆ ಎಂದು! ಆಧಾರವಿಲ್ಲದೆ ಒಬ್ಬನ ಪತ್ತಿಗೆ ಮಸಿ ಬಳಿದರೆ ಅದು ಮಾನಹಾನಿ. ಹೊಸ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಸಾದಾ ಸೆರೆ ಅಥವಾ ದಂಡ ಅಥವಾ ಎರಡೂ. ಸಮುದಾಯ ಸೇವೆ ಎಂಬುದು ಈಗ ಹೊಸದಾಗಿ ಸೇರಿದೆ. ಸಿವಿಲ್ ಪರಿಹಾರ ಬೇರೆ.

ಆದರೆ ಕಾನೂನು ವ್ಯಾಪಾರಿಯ ಕಷ್ಟ ಅರಿಯದ್ದಲ್ಲ. 1860ರ ಸಂಹಿತೆ ಬರೆದವರು ಅಂಗಡಿಕಾರನನ್ನೇ ಉದಾಹರಣೆಗೆ ತಂದಿದ್ದಾರೆ, ಹೊಸದರಲ್ಲೂ ಅದು ಉಳಿದಿದೆ. ಅಂಗಡಿಯ ಮಾಲೀಕ ತನ್ನ ವ್ಯವಹಾರ ನೋಡಿಕೊಳ್ಳುವವನಿಗೆ, ಅವನು ಕೈಮೇಲೆ ದುಡ್ಡಿಟ್ಟರಷ್ಟೇ ಮಾಲು ಕೊಡು, ಅವನ ಪ್ರಾಮಾಣಿಕತೆ ಮೇಲೆ ನನಗೆ ಭರವಸೆಯಿಲ್ಲ ಎನ್ನುತ್ತಾನೆ. ಸದ್ಭಾವನೆಯಿಂದ, ತನ್ನ ಹಿತ ಕಾಯಲು ಹೇಳಿದ್ದರೆ ಅದು ಮಾನಹಾನಿಯಲ್ಲ. ನಂಬಿ ಕೇಳಿದ ವ್ಯಾಪಾರಿಗೆ ಅವನ ಹಿತಕ್ಕಾಗಿ ಕೊಟ್ಟ ಪ್ರಾಮಾಣಿಕ ಎಚ್ಚರಿಕೆಗೂ ಇಂಥ ರಕ್ಷಣೆ ಉಂಟು. ಬಸ್ಸಿನ ಹಿಂದಿನ ಸೀಟಿನಲ್ಲಿ ಹತ್ತು ಜನಕ್ಕೆ ಕೇಳುವಂತೆ ಹೇಳಿದ್ದಕ್ಕೆ ಆ ರಕ್ಷಣೆ ಸಿಗುವುದು ಕಷ್ಟ.

ಹಾಗಾದರೆ ಹೇಳುವುದು ಹೇಗೆ? ಗುಣ ಹೇಳಬೇಡಿ, ಲೆಕ್ಕ ಹೇಳಿ. “2021ರಿಂದ ನಮ್ಮ ಹತ್ರ ತಗೊಳ್ತಾನೆ. ತಿಂಗಳಿಗೆ ನಲವತ್ತು, ಐವತ್ತು ಸಾವಿರದ ಮಾಲು. ಮೊದಲೆಲ್ಲ ಒಂದು ತಿಂಗಳಿಗೆ ಕೊಡ್ತಿದ್ದ, ಈಚೆಗೆ ಎರಡು ತಿಂಗಳಾಗ್ತದೆ. ಈಗ ಇಷ್ಟು ಬಾಕಿ ಐತಿ. ಮುಂದಿನದು ನೀವೇ ನೋಡ್ಕೊಳ್ರಿ, ನನ್ನ ಹೊಣೆ ಇಲ್ಲ.” ಇಷ್ಟು ಹೇಳಿದವನನ್ನು ಕಟಕಟೆಗೆ ಎಳೆಯುವುದು ಸುಲಭವಲ್ಲ. ಹೇಳಲು ಇಷ್ಟವಿಲ್ಲವೇ? “ನನಗೆ ಹೇಳೋಕಾಗಲ್ರೀ” ಎನ್ನಿ. ಕೇಳಿದವನಿಗೆ ಅರ್ಥವಾಗುತ್ತದೆ. ಕೇಳುವವರೂ ಶೆಟ್ಟರ ಬಾಯಿಯೊಂದನ್ನೇ ನಂಬಬೇಕಿಲ್ಲ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಪಾರ್ಟಿಯ ನಂಬರು ಹಾಕಿದರೆ ನೋಂದಣಿ ಜೀವಂತವಿದೆಯೋ ರದ್ದಾಗಿದೆಯೋ, ರಿಟರ್ನು ಯಾವ ತಿಂಗಳವರೆಗೆ ಹಾಕಿದ್ದಾನೆ ಎಂಬುದು ಯಾರಿಗಾದರೂ ಕಾಣುತ್ತದೆ. ಐದು ತಿಂಗಳಿಂದ ರಿಟರ್ನ್ ಹಾಕದವನು ನಿಮ್ಮ ಬಿಲ್ಲು ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟುತ್ತಾನೆಯೇ?

ಕೊನೆಗೆ, ಒಂದು ಸಲ ಹೇಳಿ ಮುಗಿಯಿತು ಎನ್ನುವಂತೆಯೂ ಇಲ್ಲ. 1936ರ ಇಂಗ್ಲೆಂಡಿನ ಮೊಕದ್ದಮೆಯಲ್ಲಿ ಒಬ್ಬ ಡಾಕ್ಟರು ತಮ್ಮ ದವಾಖಾನೆಯನ್ನು ಮಾರಲು ಹೊರಟು, ವರ್ಷಕ್ಕೆ 2,000 ಪೌಂಡ್ ಆದಾಯ ಎಂದು ಜನವರಿಯಲ್ಲಿ ಹೇಳಿದರು. ಆಗ ಅದು ನಿಜ. ಡಾಕ್ಟರಿಗೇ ಕಾಯಿಲೆಯಾಗಿ ಮೇ ತಿಂಗಳ ಹೊತ್ತಿಗೆ ರೋಗಿಗಳು ಬರುವುದೇ ನಿಂತಿತ್ತು. ಅದನ್ನು ತಿಳಿಸದೆ ಕರಾರು ಮಾಡಿಕೊಂಡದ್ದನ್ನು ಕೋರ್ಟು ರದ್ದು ಮಾಡಿತು. ಹೇಳಿದ ಮಾತು ಎದುರಿನವನು ಹೆಜ್ಜೆಯಿಡುವವರೆಗೂ ಜೀವಂತ. ಪಾರ್ಟಿಯ ಚೆಕ್ಕು ನಿನ್ನೆ ವಾಪಸು ಬಂದಿದ್ದರೆ, ಮೊನ್ನೆ ‘ಚಲೋ ಅದಾನೆ’ ಎಂದಿದ್ದ ಶೆಟ್ಟರು ಇವತ್ತೇ ರಾಣೆಬೆನ್ನೂರಿಗೆ ಫೋನು ತಿರುಗಿಸಬೇಕು. ಮುಂದುವರಿಯುವ ಜಾಮೀನು ನಿಂತಿದ್ದರೆ 130ನೇ ಕಲಮಿನಂತೆ ಮುಂದಿನ ಮಾಲಿಗೆ ಅದನ್ನು ನೋಟಿಸು ಕೊಟ್ಟು ನಿಲ್ಲಿಸಬಹುದು. ಆಗಲೇ ಹೋದ ಮಾಲಿಗೆ ಬಿಡುಗಡೆಯಿಲ್ಲ. ಫೋನಿನಲ್ಲಿ ಹೇಳಿದ ಮೇಲೂ ಎರಡು ಸಾಲು ಬರೆದು ಸ್ಪೀಡ್ ಪೋಸ್ಟಿಗೆ ಹಾಕಿ, ಅದರ ರಸೀದಿಯನ್ನು ಆ ಪಾರ್ಟಿಯ ಖಾತೆ ಪುಟಕ್ಕೇ ಪಿನ್ನು ಚುಚ್ಚಿಡಿ.